ನಾಲ್ಕು ಕೊಂಬು, ಎರಡು ಸಲ: ಜೀವಿಗಳ ವೈಜ್ಞಾನಿಕ ಹೆಸರನ್ನು ಬಿಡಿಸಿ ಓದುವ ಬಗೆ

ಬಂಡೀಪುರ, ನಾಗರಹೊಳೆಯ ಒಣ ಕಾಡುಗಳಲ್ಲಿ ಕೊಂಡುಕುರಿ ಎಂಬ ಸಣ್ಣ ಪ್ರಾಣಿಯಿದೆ. ಗಂಡಿಗೆ ನಾಲ್ಕು ಕೊಂಬು: ಕಿವಿಗಳ ನಡುವೆ ಎರಡು, ಹಣೆಯ ಮುಂದೆ ಮೊಟಕಾದ ಇನ್ನೆರಡು. ಹೆಣ್ಣಿಗೆ ಕೊಂಬೇ ಇಲ್ಲ. ಇದರ ವೈಜ್ಞಾನಿಕ ಹೆಸರು ಟೆಟ್ರಾಸೆರಸ್ ಕ್ವಾಡ್ರಿಕಾರ್ನಿಸ್. ಗ್ರೀಕಿನಲ್ಲಿ ಟೆಟ್ರಾ ಎಂದರೆ ನಾಲ್ಕು, ಕೆರಾಸ್ ಎಂದರೆ ಕೊಂಬು. ಲ್ಯಾಟಿನ್ನಿನಲ್ಲಿ ಕ್ವಾಡ್ರಿ ಎಂದರೆ ನಾಲ್ಕು, ಕಾರ್ನು ಎಂದರೆ ಕೊಂಬು. ಮೊದಲ ಪದ ಗ್ರೀಕಿನಲ್ಲಿ ಹೇಳಿದ್ದನ್ನೇ ಎರಡನೆಯ ಪದ ಲ್ಯಾಟಿನ್ನಿನಲ್ಲಿ ಮತ್ತೆ ಹೇಳುತ್ತಿದೆ. ಸಂಸ್ಕೃತದ ಚತುರ್ ಮತ್ತು ಶೃಂಗ ಕೂಡ ಇದೇ ಬೇರಿನಿಂದ ಬಂದವು. ‘ಚತುಃಶೃಂಗ’ ಎಂದರೆ ನಮಗೆ ಅರ್ಥ ತಟ್ಟನೆ ಹೊಳೆಯುತ್ತದೆ; ಟೆಟ್ರಾಸೆರಸ್ ಎಂದಾಗ ಹೊಳೆಯುವುದಿಲ್ಲ. ಈ ಎರಡರ ನಡುವಿನ ದೂರ ನಾವು ಅಂದುಕೊಂಡಷ್ಟು ಇಲ್ಲ ಎಂದು ತೋರಿಸುವುದೇ ಈ ಉಪನ್ಯಾಸದ ಉದ್ದೇಶ.

ಹೆಸರಿಟ್ಟವರು ಒಂದೇ ಮಾತನ್ನು ಎರಡು ಸಲ ಏಕೆ ಹೇಳಿದರು? 1816ರಲ್ಲಿ ಈ ಪ್ರಾಣಿಗೆ ಮೊದಲು ಸಿಕ್ಕ ಹೆಸರು ಆಂಟಿಲೋಪ್ ಕ್ವಾಡ್ರಿಕಾರ್ನಿಸ್. ಕೃಷ್ಣಮೃಗವಿರುವ ಕುಲದಲ್ಲೇ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನಲ್ಲೇ, ಇದನ್ನೂ ಇಟ್ಟಿದ್ದರು. ಅಲ್ಲಿ ‘ನಾಲ್ಕು ಕೊಂಬಿನದು’ ಎಂಬ ವಿಶೇಷಣ ಸರಿಯಾಗಿ ಹೊಂದುತ್ತಿತ್ತು. 1825ರಲ್ಲಿ ಇದಕ್ಕಾಗಿಯೇ ಟೆಟ್ರಾಸೆರಸ್ ಎಂಬ ಹೊಸ ಕುಲ ಮಾಡಿದರು. ಕುಲ ಬದಲಾದರೂ ಮೊದಲು ಕೊಟ್ಟ ಎರಡನೆಯ ಪದ ಉಳಿಯಬೇಕು ಎನ್ನುವುದು ನಿಯಮ. ಹೀಗೆ ಬೇರೆ ಬೇರೆ ಕಾಲದ ಎರಡು ಪದಗಳು ಒಂದೇ ಹೆಸರಿನೊಳಗೆ ಸೇರಿದವು. ಮೊದಲ ಪದ ಕುಲನಾಮ, ಎರಡನೆಯದು ಪ್ರಭೇದನಾಮ. ಗಿಡಗಳಿಗೆ ಈ ಎರಡು ಪದಗಳ ಪದ್ಧತಿಯ ಲೆಕ್ಕ ಸ್ವೀಡನ್ನಿನ ಜೀವವಿಜ್ಞಾನಿ ಲಿನ್ನೇಯಸ್‌ನ 1753ರ ಕೃತಿಯಿಂದ ಶುರುವಾಗುತ್ತದೆ, ಪ್ರಾಣಿಗಳಿಗೆ 1758ರಿಂದ.

ಗ್ರೀಕ್ ಮತ್ತು ಲ್ಯಾಟಿನ್ ಪದಗಳ ದೊಡ್ಡ ಪಟ್ಟಿಯನ್ನು ಉರು ಹೊಡೆದು ಈ ವಿದ್ಯೆ ಬರುವುದಿಲ್ಲ. ಹೆಸರನ್ನು ಎಲ್ಲಿ ಕತ್ತರಿಸಬೇಕು ಎಂಬುದು ಮೊದಲು ತಿಳಿಯಬೇಕು. ಅದಕ್ಕೆ ಬೇಕಾದ ಉಪಕರಣ ಹೈಸ್ಕೂಲಿನ ಕನ್ನಡ ವ್ಯಾಕರಣದಲ್ಲೇ ಇದೆ: ಸಮಾಸ. ಗ್ರೀಕ್, ಲ್ಯಾಟಿನ್ ಕೂಡುಪದಗಳಲ್ಲಿ ಸಾಮಾನ್ಯವಾಗಿ ವಸ್ತು ಕೊನೆಗೆ ಬರುತ್ತದೆ, ಅದರ ಗುಣ ಮೊದಲು ಬರುತ್ತದೆ. ಹೆಬ್ಬಾವಿನಲ್ಲಿ ಹಾವು ಕೊನೆಗಿದೆ, ಹಾಗೆಯೇ. ಆದ್ದರಿಂದ ಹೆಸರನ್ನು ಬಲದಿಂದ ಎಡಕ್ಕೆ ಬಿಡಿಸಿ. ಪ್ರಾಣಿ, ಗಿಡಗಳ ಹೆಸರಿನಲ್ಲಿ ಹೆಚ್ಚಾಗಿ ಕಾಣುವುದು ಬಹುವ್ರೀಹಿ. ಮುಕ್ಕಣ್ಣ ಎಂದರೆ ಮೂರು ಕಣ್ಣು ಎಂದಲ್ಲ, ಮೂರು ಕಣ್ಣು ಉಳ್ಳವನು. ಟೆಟ್ರಾಸೆರಸ್ ಕೂಡ ನಾಲ್ಕು ಕೊಂಬು ಉಳ್ಳದ್ದು. ಈ ‘ಉಳ್ಳದ್ದು’ ಸೇರಿಸುವುದನ್ನು ಮರೆತರೆ ಅರ್ಧ ಹೆಸರುಗಳು ವಿಚಿತ್ರವಾಗಿ ಕೇಳಿಸುತ್ತವೆ. ಕೆಲವು ತತ್ಪುರುಷಗಳೂ ಇವೆ. ಕಾಳಿಂಗ ಸರ್ಪದ ಕುಲನಾಮ ಒಫಿಯೊಫಾಗಸ್: ಒಫಿಸ್ ಹಾವು, ಫಾಗ್ ತಿನ್ನುವುದು. ಹಾವನ್ನು ತಿನ್ನುವುದು.

ಕತ್ತರಿಸುವ ಜಾಗವನ್ನು ತೋರಿಸುವ ಗುರುತು ಪದದೊಳಗೇ ಇರುತ್ತದೆ. ಎರಡು ತುಂಡುಗಳ ನಡುವೆ ಒಂದು ಬೆಸುಗೆಯ ಸ್ವರ ಕೂರುತ್ತದೆ. ಗ್ರೀಕ್ ಪದಗಳಾದರೆ ಅದು ಸಾಮಾನ್ಯವಾಗಿ ‘ಒ’, ಲ್ಯಾಟಿನ್ ಪದಗಳಾದರೆ ‘ಇ’. ಹಲಸಿನ ಹೆಸರು ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್. ಆರ್ಟ್-ಒ-ಕಾರ್ಪ್-ಅಸ್, ಹೆಟೆರ್-ಒ-ಫಿಲ್ಲ್-ಅಸ್. ಎರಡರಲ್ಲೂ ‘ಒ’ ಇದೆ, ಎರಡೂ ಗ್ರೀಕ್. ಮಾವು ಮ್ಯಾಂಜಿಫೆರಾ: ಮ್ಯಾಂಗ್-ಇ-ಫೆರಾ. ‘ಇ’ ಇದೆ, ಬೆಸುಗೆ ಲ್ಯಾಟಿನ್ನಿನದು, ಅರ್ಥ ‘ಮಾಂಗಾ ಹೊರುವುದು’. ಮಾಂಗಾ ಎಂಬುದು ದಕ್ಷಿಣ ಭಾರತದ ಪದ, ಫೆರೊ ಎಂದರೆ ಹೊರುತ್ತೇನೆ. ಈ ಫೆರೊ ಮತ್ತು ನಮ್ಮ ‘ಭಾರ’ದಲ್ಲಿರುವ ಭೃ ಧಾತು ಒಂದೇ.

ಹಲಸಿನ ಹೆಸರಿನಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ. ಆರ್ಟೊಸ್ ಎಂದರೆ ರೊಟ್ಟಿ, ಕಾರ್ಪೊಸ್ ಎಂದರೆ ಹಣ್ಣು. ಹಲಸಿನ ತೊಳೆಗೂ ರೊಟ್ಟಿಗೂ ಏನು ಸಂಬಂಧ? ಕುಲನಾಮವನ್ನು ಹಲಸಿಗಾಗಿ ಕಟ್ಟಿದ್ದಲ್ಲ, ಅದರ ದಾಯಾದಿ ಜೀಗುಜ್ಜೆಗಾಗಿ ಕಟ್ಟಿದ್ದು. ಪೆಸಿಫಿಕ್ ದ್ವೀಪಗಳಲ್ಲಿ ಜೀಗುಜ್ಜೆಯನ್ನು ಸುಟ್ಟು ರೊಟ್ಟಿಯಂತೆ ಊಟಕ್ಕೆ ಬಳಸುತ್ತಾರೆ. ಹೆಟೆರೊಸ್ ಎಂದರೆ ಬೇರೆ ಬೇರೆ, ಫಿಲ್ಲೊನ್ ಎಂದರೆ ಎಲೆ. ದೊಡ್ಡ ಹಲಸಿನ ಮರವನ್ನಷ್ಟೇ ನೋಡಿದವರಿಗೆ ಇದು ತಪ್ಪು ಹೆಸರು ಅನ್ನಿಸುತ್ತದೆ, ಎಲೆಗಳೆಲ್ಲ ಒಂದೇ ಥರ ಅಂಚು ಸೀಳದೆ ಇರುತ್ತವೆ. ಎಳೆಯ ಸಸಿಯನ್ನೋ ಬುಡದಿಂದ ಹೊಸದಾಗಿ ಒಡೆದ ಚಿಗುರನ್ನೋ ನೋಡಿ. ಅಲ್ಲಿ ಹಾಲೆ ಹಾಲೆಯಾಗಿ ಸೀಳಿದ ಎಲೆಗಳು ಸಿಗುತ್ತವೆ. ಹೆಸರು ಗಿಡಕ್ಕೆ ಹೊಂದುತ್ತಿಲ್ಲ ಎಂದಾಗ ಗಿಡದ ಬೇರೆ ವಯಸ್ಸು, ಬೇರೆ ಲಿಂಗ, ಬೇರೆ ಭಾಗವನ್ನು ನೋಡಿದ ಮೇಲೆಯೇ ಹೆಸರನ್ನು ಅನುಮಾನಿಸಬೇಕು. ಕೊಂಡುಕುರಿಯ ಹೆಣ್ಣನ್ನಷ್ಟೇ ನೋಡಿದವರಿಗೂ ಇದೇ ಮಾತು.

ಬೆಸುಗೆಯ ಸ್ವರದ ನಿಯಮಕ್ಕೆ ಒಂದು ಮುಖ್ಯ ಉಪನಿಯಮವಿದೆ, ತಪ್ಪುಗಳು ಹೆಚ್ಚು ಆಗುವುದು ಅಲ್ಲೇ. ಎರಡನೆಯ ತುಂಡು ಸ್ವರದಿಂದ ಶುರುವಾದರೆ ಬೆಸುಗೆಯ ಸ್ವರ ಬಿದ್ದುಹೋಗುತ್ತದೆ. ನಮ್ಮ ಲೋಪಸಂಧಿಯ ಹಾಗೆ. ವಿದ್ಯುತ್ ತಂತಿಯ ಮೇಲೆ ಕೂರುವ ಕಾಜಾಣದ ಹೆಸರು ಡೈಕ್ರೂರಸ್ ಮ್ಯಾಕ್ರೊಸರ್ಕಸ್. ಮೊದಲ ಪದವನ್ನು ಡೈ-ಕ್ರೂರಸ್ ಎಂದು ಕತ್ತರಿಸಿದರೆ ‘ಎರಡು’ ಮತ್ತು ಲ್ಯಾಟಿನ್ನಿನ ‘ಕ್ರೂಸ್’, ಅಂದರೆ ಕಾಲು, ಸಿಕ್ಕಿ ‘ಎರಡು ಕಾಲಿನದು’ ಆಗುತ್ತದೆ. ಯಾವ ಹಕ್ಕಿಗೆ ಎರಡು ಕಾಲಿಲ್ಲ? ಸರಿಯಾದ ತುಂಡು ಡಿಕ್ರೊಸ್, ಅಂದರೆ ಕವಲೊಡೆದ, ಮತ್ತು ಊರಾ, ಅಂದರೆ ಬಾಲ. ಊರಾ ಸ್ವರದಿಂದ ಶುರುವಾಗುವುದರಿಂದ ಡಿಕ್ರೊಸ್‌ನ ‘ಒ’ ಬಿದ್ದಿದೆ. ಕವಲುಬಾಲದ್ದು, ಮತ್ತು ಮ್ಯಾಕ್ರೊಸರ್ಕಸ್ ಎಂದರೆ ಉದ್ದಬಾಲದ್ದು. ಬಾಲಕ್ಕೆ ಗ್ರೀಕಿನಲ್ಲಿ ಊರಾ ಮತ್ತು ಕೆರ್ಕೊಸ್ ಎಂಬ ಎರಡು ಪದಗಳಿವೆ. ಈ ಹಕ್ಕಿಗೆ ಎರಡೂ ಸಂದಿವೆ. ಹೆಲಿಕಾಪ್ಟರನ್ನು ನಾವು ಹೆಲಿ ಮತ್ತು ಕಾಪ್ಟರ್ ಎಂದು ಒಡೆಯುತ್ತೇವಲ್ಲ, ಅದೂ ತಪ್ಪು ಜಾಗದ ಕತ್ತರಿ. ಅದು ಹೆಲಿಕ್-ಒ-ಪ್ಟರ್: ಸುರುಳಿಯ ರೆಕ್ಕೆ.

ಈ ಪ್ಟೆರೊನ್, ಅಂದರೆ ರೆಕ್ಕೆ, ಒಂದನ್ನು ಕಲಿತರೆ ಎಷ್ಟು ಬಾಗಿಲು ತೆರೆಯುತ್ತವೆ ನೋಡಿ. ಹೊನ್ನೆ ಮರ ಪ್ಟೆರೊಕಾರ್ಪಸ್ ಮಾರ್ಸೂಪಿಯಮ್. ಅದರ ಒಣಗಿದ ಕಾಯಿಯನ್ನು ಕೈಯಲ್ಲಿ ಹಿಡಿದರೆ ನಡುವೆ ಬೀಜದ ಉಬ್ಬು, ಸುತ್ತ ದುಂಡಗೆ ಕಾಗದದಂಥ ರೆಕ್ಕೆ. ಹಣ್ಣುಬಾವಲಿ ಪ್ಟೆರೊಪಸ್, ರೆಕ್ಕೆಯಾದ ಕಾಲುಳ್ಳದ್ದು. ಚಿಟ್ಟೆ, ಪತಂಗಗಳ ಗಣ ಲೆಪಿಡಾಪ್ಟೆರಾ, ಹುರುಪೆಯ ರೆಕ್ಕೆಯವು. ಚಿಟ್ಟೆಯನ್ನು ಮುಟ್ಟಿದಾಗ ಬೆರಳಿಗೆ ಅಂಟುವ ಪುಡಿಯೇ ಆ ಹುರುಪೆ. ಜೀರುಂಡೆಗಳು ಕೋಲಿಯಾಪ್ಟೆರಾ, ಒರೆಯೊಳಗೆ ರೆಕ್ಕೆಯಿರುವವು. ನೊಣ, ಸೊಳ್ಳೆಗಳು ಡಿಪ್ಟೆರಾ, ಎರಡೇ ರೆಕ್ಕೆಯವು. ಪ್ಟೆರೊನ್‌ಗೆ ಸಂಸ್ಕೃತದ ಸೋದರ ‘ಪತ್ರ’. ಪತ್ರ ಎಂದರೆ ಎಲೆ, ಕಾಗದ ಮಾತ್ರವಲ್ಲ, ರೆಕ್ಕೆ, ಗರಿ ಎಂಬ ಅರ್ಥವೂ ಹಳೆಯದೇ.

ಗ್ರೀಕ್ ಪದ ಲ್ಯಾಟಿನ್ ಬರವಣಿಗೆಗೆ ಬರುವಾಗ ವೇಷ ಬದಲಿಸುತ್ತದೆ. ಇದನ್ನು ತಿಳಿಯದೆ ನಿಘಂಟು ತೆರೆದರೆ ಪದ ಸಿಗುವುದಿಲ್ಲ. ಗ್ರೀಕಿನ ಕಪ್ಪಾ ಲ್ಯಾಟಿನ್ನಿನ ‘ಸಿ’ ಅಕ್ಷರವಾಗುತ್ತದೆ. ಆ ಅಕ್ಷರದ ಮುಂದೆ ‘ಎ’ ಅಥವಾ ‘ಇ’ ಸ್ವರ ಬಂದರೆ ನಾವು ಇಂಗ್ಲಿಷಿನ ಅಭ್ಯಾಸದಿಂದ ‘ಸ’ ಎಂದು ಓದುತ್ತೇವೆ. ಹೀಗಾಗಿ ಕೆರಾಸ್ ಸೆರಸ್ ಆಯಿತು, ಕೆರ್ಕೊಸ್ ಸರ್ಕಸ್ ಆಯಿತು. ಪದದ ಕೊನೆಯ ‘ಒಸ್’ ಸಾಮಾನ್ಯವಾಗಿ ‘ಅಸ್’ ಆಗುತ್ತದೆ, ‘ಒನ್’ ಹಲವು ಸಲ ‘ಅಮ್’ ಆಗುತ್ತದೆ. ಗ್ರೀಕಿನ ‘ಐ’ ಸಂಧ್ಯಕ್ಷರ ಲ್ಯಾಟಿನ್ನಿನಲ್ಲಿ ‘ಎ’ ಮತ್ತು ‘ಇ’ (a, e) ಅಕ್ಷರಗಳ ಜೋಡಿಯಾಗುತ್ತದೆ. ಇನ್ನೊಂದು ತೊಡಕು ಪ್ರಕೃತಿಯದು, ಅಂದರೆ ಪ್ರತ್ಯಯ ಸೇರುವ ಮೂಲ ರೂಪದ್ದು. ನಿಘಂಟಿನಲ್ಲಿ ಪ್ರಥಮಾ ವಿಭಕ್ತಿಯ ರೂಪವಿರುತ್ತದೆ, ಸಮಾಸದಲ್ಲಿ ಬೇರೆ ರೂಪ. ರಾತ್ರಿಗೆ ನಿಕ್ಸ್ ಎಂದಿರುತ್ತದೆ, ಹೆಸರಿನಲ್ಲಿ ನಿಕ್ಟ್. ಹುರುಪೆಗೆ ಲೆಪಿಸ್, ಹೆಸರಿನಲ್ಲಿ ಲೆಪಿಡ್. ಕಾಲಿಗೆ ಪೂಸ್, ಹೆಸರಿನಲ್ಲಿ ಪೊಡ್ ಕೂಡ. ಲ್ಯಾಟಿನ್ನಿನಲ್ಲಿ ಹೂವು ಫ್ಲೋಸ್, ಹೆಸರಿನಲ್ಲಿ ಫ್ಲೋರ್. ‘ರಾಜನ್’ ಎಂಬ ಪ್ರಕೃತಿ ಗೊತ್ತಿದ್ದರೆ ತಾನೇ ‘ರಾಜ್ಞೀ’ಯಲ್ಲಿನ ನಕಾರ ಎಲ್ಲಿಂದ ಬಂತು ಎಂದು ತಿಳಿಯುವುದು. ಆದ್ದರಿಂದ ಪಟ್ಟಿ ಬರೆದುಕೊಳ್ಳುವಾಗ ಎರಡೂ ರೂಪಗಳನ್ನು ಅಕ್ಕಪಕ್ಕ ಬರೆಯಿರಿ.

ಹೋಲಿಕೆಯ ಹಳ್ಳಕ್ಕೆ ಬೀಳಿಸುವ ಜೋಡಿಗಳಿವೆ. ಕೆರಾಸ್ ಕೊಂಬು, ಕೆರ್ಕೊಸ್ ಬಾಲ. ಲೆಪ್ಟೊಸ್ ಸಣಕಲು, ಲೆಪಿಸ್ ಹುರುಪೆ. ಸೂರಕ್ಕಿಯ ಲೆಪ್ಟೊಕೋಮಾಕ್ಕೂ ಚಿಟ್ಟೆಯ ಲೆಪಿಡಾಪ್ಟೆರಾಕ್ಕೂ ಸಂಬಂಧ ಕಟ್ಟಬೇಡಿ. ಆಂಥೊಸ್ ಹೂವು, ಅಕಾಂಥಾ ಮುಳ್ಳು. ರೈಜಾ ಬೇರು, ರಿಸ್ ಮೂಗು, ರಿಂಕೊಸ್ ಕೊಕ್ಕು. ಎಲ್ಲಕ್ಕಿಂತ ಮೋಸದ್ದು ಕರಡಿಯ ಹೆಸರು: ಮೆಲರ್ಸಸ್ ಅರ್ಸಿನಸ್. ಅರ್ಸಸ್ ಎಂದರೆ ಕರಡಿ. ಮೊದಲಿನ ‘ಮೆಲ್’ ಗ್ರೀಕಿನ ಮೆಲಾಸ್, ಅಂದರೆ ಕಪ್ಪು, ಎಂದು ಹಲವರು ಓದುತ್ತಾರೆ. ನಮ್ಮ ಕರಡಿ ಕಪ್ಪಗೇ ಇರುವುದರಿಂದ ಅನುಮಾನವೂ ಬರುವುದಿಲ್ಲ. ಆದರೆ ಕಪ್ಪಿನ ಪ್ರಕೃತಿ ‘ಮೆಲಾನ್’. ಸಮಾಸದಲ್ಲಿ ಆ ನಕಾರ ಕಾಣಬೇಕಿತ್ತು. ಇಲ್ಲಿರುವುದು ಲ್ಯಾಟಿನ್ನಿನ ಮೆಲ್, ಜೇನು. ಜೇನುಕರಡಿ. ಅರ್ಥ ಪ್ರಾಣಿಗೆ ಹೊಂದಿತು ಎಂದ ಮಾತ್ರಕ್ಕೆ ಬಿಡಿಸಿದ್ದು ಸರಿ ಎಂದಾಗುವುದಿಲ್ಲ, ಪ್ರಕೃತಿಯೂ ಹೊಂದಬೇಕು. ಇನ್ನು ಅರ್ಸಿನಸ್, ಅಂದರೆ ಕರಡಿಯಂಥದ್ದು. ಕರಡಿಯನ್ನೇ ‘ಕರಡಿಯಂಥದ್ದು’ ಎಂದಿದ್ದೇಕೆ? 1791ರಲ್ಲಿ ಇದನ್ನು ಮೊದಲು ವರ್ಣಿಸಿದಾಗ ದಕ್ಷಿಣ ಅಮೆರಿಕದ ಸ್ಲಾತ್ ಎಂಬ ಮಂದಗಾಮಿ ಪ್ರಾಣಿಯ ಬಳಗ ಎಂದು ಭಾವಿಸಿ ಬ್ರಾಡಿಪಸ್ ಅರ್ಸಿನಸ್ ಎಂದು ಕರೆದರು, ಕರಡಿಯಂಥ ಸ್ಲಾತ್ ಎಂದು. ತಪ್ಪು ತಿಳಿದು ಕುಲ ಬದಲಾಯಿತು, ಪ್ರಭೇದನಾಮ ನಿಯಮದಂತೆ ಉಳಿಯಿತು.

ಸಂಸ್ಕೃತದ ನೆಂಟಸ್ತಿಕೆ ಕನ್ನಡ ಓದುಗರಿಗೆ ದೊಡ್ಡ ಆಸ್ತಿ. ರಾತ್ರಿಯ ನಿಕ್ಸ್, ಲ್ಯಾಟಿನ್ನಿನ ನಾಕ್ಸ್, ನಮ್ಮ ‘ನಕ್ತ’ ಒಂದೇ ಬೇರು. ನಕ್ತಭೋಜನ ಗೊತ್ತಿರುವವರಿಗೆ ಪಾರಿಜಾತದ ಕುಲನಾಮ ನಿಕ್ಟಾಂಥಿಸ್ ಸುಲಭ: ರಾತ್ರಿ ಹೂವು. ಸಂಜೆ ಅರಳಿ ಬೆಳಗಿಗೆ ಉದುರುವ ಹೂವಿಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೇ? ಅದರ ಪ್ರಭೇದನಾಮ ಆರ್ಬರ್-ಟ್ರಿಸ್ಟಿಸ್, ದುಃಖದ ಮರ. ಗೊರವಂಕದ ಆಕ್ರಿಡೊಥೆರಿಸ್ ಟ್ರಿಸ್ಟಿಸ್‌ನಲ್ಲೂ ಇದೇ ಟ್ರಿಸ್ಟಿಸ್ ಇದೆ, ಅಲ್ಲಿ ಮಂಕು ಬಣ್ಣಕ್ಕೆ ಹೇಳಿದ್ದು. ಕುಲನಾಮದ ಅರ್ಥ ಮಿಡತೆಯ ಬೇಟೆಗಾರ. ಒಫಿಸ್ ನಮ್ಮ ಅಹಿ. ಕಾಡುನಾಯಿಯ ಕುಲ ಕ್ಯುಆನ್, ನಮ್ಮ ಶ್ವಾನ. ಕಾಟಿಯ ಕುಲ ಬೋಸ್, ನಮ್ಮ ಗೋ. ಇಲಿಯ ಮಿಸ್ ಮತ್ತು ಮುಸ್, ನಮ್ಮ ಮೂಷಿಕ. ಪೂಸ್ ಮತ್ತು ಪೆಸ್, ನಮ್ಮ ಪಾದ. ನೇರಳೆಯ ಸಿಜಿಜಿಯಮ್‌ನೊಳಗೆ ಜಿಗೊನ್ ಇದೆ, ಜೋಡಿಸುವ ನೊಗ. ನಮ್ಮ ಯುಗ್ಮ, ಯೋಗಗಳ ಬಳಗ. ರೆಂಬೆಯಲ್ಲಿ ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಕೂತಿರುವುದನ್ನು ಗಮನಿಸಿ. ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ರಸ್ತೆಗಳನ್ನು ಕೆಂಪು ಮಾಡುವ ಗುಲ್‌ಮೊಹರ್ ಡೆಲೊನಿಕ್ಸ್ ರೀಜಿಯಾ. ಡೆಲೊಸ್ ಎಂದರೆ ಎದ್ದುಕಾಣುವ, ಒನಿಕ್ಸ್ ಎಂದರೆ ಉಗುರು, ಅದೇ ನಮ್ಮ ನಖ. ಬಿದ್ದ ಹೂವೊಂದನ್ನು ಎತ್ತಿಕೊಂಡು ಒಂದು ಎಸಳನ್ನು ಕಿತ್ತು ನೋಡಿ: ಮೇಲೆ ಅಗಲ, ಬುಡದಲ್ಲಿ ಉದ್ದಕ್ಕೆ ಕಿರಿದಾದ ತೊಟ್ಟು. ಸಸ್ಯಶಾಸ್ತ್ರದಲ್ಲಿ ಆ ಕಿರಿದಾದ ಭಾಗಕ್ಕೇ ಉಗುರು ಎನ್ನುವುದು.

ಒಂದು ಪದ ಮಾತ್ರ ನೆಂಟಸ್ತಿಕೆಯಿಂದಲ್ಲ, ಸಾಲದಿಂದ ಬಂದದ್ದು. ಕೆಂಬೂತದ ಹೆಸರು ಸೆಂಟ್ರೋಪಸ್ ಸೈನೆನ್ಸಿಸ್. ಕೆಂಟ್ರೊನ್ ಎಂದರೆ ಚೂಪಾದ ಮೊನೆ, ಮುಳ್ಳು. ಕೆಂಬೂತದ ಹಿಂಬೆರಳಿಗೆ ನೀಳವಾದ ನೇರ ಉಗುರಿದೆ, ‘ಮುಳ್ಳುಗಾಲಿನದು’ ಎಂಬ ಹೆಸರು ಅದರಿಂದ. ವೃತ್ತ ಎಳೆಯುವ ಕೈವಾರದ ಮೊನೆ ಊರುವ ಜಾಗಕ್ಕೂ ಗ್ರೀಕರು ಕೆಂಟ್ರೊನ್ ಎಂದರು. ಆ ಪದ ಜ್ಯೋತಿಷದ ಜೊತೆ ಭಾರತಕ್ಕೆ ಬಂದು ಸಂಸ್ಕೃತದಲ್ಲಿ ‘ಕೇಂದ್ರ’ವಾಯಿತು. ಕೇಂದ್ರ ಸರ್ಕಾರ ಎನ್ನುವಾಗಲೂ ಕೆಂಬೂತದ ಉಗುರಿನ ಪದವೇ ನಮ್ಮ ಬಾಯಲ್ಲಿದೆ. ಹಾಗೆಂದು ಕೇಳಿಸಿದ್ದನ್ನೆಲ್ಲ ನೆಂಟರೆನ್ನಬಾರದು. ಜೇನಿನ ಮೆಲ್‌ಗೂ ನಮ್ಮ ಮಧುವಿಗೂ ಮೊದಲ ಅಕ್ಷರ ಒಂದೇ, ಅರ್ಥವೂ ಹತ್ತಿರ, ಬೇರು ಬೇರೆ.

ಈಗ ಬಾಲದ ತುಂಡಿಗೆ ಬರೋಣ, ಅಂದರೆ ಲಿಂಗಕ್ಕೆ. ಕುಲನಾಮ ಒಂದು ನಾಮಪದ, ಅದಕ್ಕೆ ಲಿಂಗವಿದೆ. ಪ್ರಭೇದನಾಮ ವಿಶೇಷಣವಾಗಿದ್ದರೆ ಅದರ ಲಿಂಗವನ್ನು ಅನುಸರಿಸಬೇಕು. ಅಡುಗೆಮನೆಯಲ್ಲೇ ಪಾಠವಿದೆ. ಬೆಳೆಸಿದ, ಬಿತ್ತಿದ ಎಂಬ ವಿಶೇಷಣ ಕೇಸರಿಯಲ್ಲಿ ಪುಲ್ಲಿಂಗ: ಕ್ರೋಕಸ್ ಸಟೈವಸ್. ಭತ್ತದಲ್ಲಿ ಸ್ತ್ರೀಲಿಂಗ: ಒರೈಜಾ ಸಟೈವಾ. ಕೊತ್ತಂಬರಿಯಲ್ಲಿ ನಪುಂಸಕ: ಕೊರಿಯಾಂಡ್ರಮ್ ಸಟೈವಮ್. ಕಪ್ಪಿಗೆ ನೈಜರ್, ನೈಗ್ರಾ, ನೈಗ್ರಮ್. ಈರುಳ್ಳಿಯ ಮೇಲೆ ಮಸಿಯಂತೆ ಕೂರುವ ಬೂಷ್ಟು ಆಸ್ಪರ್ಜಿಲಸ್ ನೈಜರ್, ಕಪ್ಪು ಸಾಸಿವೆ ಬ್ರಾಸಿಕಾ ನೈಗ್ರಾ, ಕಾಳುಮೆಣಸು ಪೈಪರ್ ನೈಗ್ರಮ್. ಇನ್ನೊಂದು ಗುಂಪಿನಲ್ಲಿ ಪುಲ್ಲಿಂಗ, ಸ್ತ್ರೀಲಿಂಗಕ್ಕೆ ಒಂದೇ ರೂಪ, ನಪುಂಸಕಕ್ಕೆ ಮಾತ್ರ ಬೇರೆ: ಹುರುಳಿಕಾಯಿ ಫ್ಯಾಸಿಯೋಲಸ್ ವಲ್ಗ್ಯಾರಿಸ್, ಬೀಟ್‌ರೂಟ್ ಬೀಟಾ ವಲ್ಗ್ಯಾರಿಸ್, ಬಾರ್ಲಿ ಹಾರ್ಡಿಯಮ್ ವಲ್ಗ್ಯಾರೆ.

ಇಲ್ಲಿ ಕಾಡುವ ಪ್ರಶ್ನೆ ಅರಳಿ ಮರದ್ದು. ಫೈಕಸ್ ಎಂದು ‘ಅಸ್’ನಲ್ಲಿ ಮುಗಿಯುವ ಪದ ಪುಲ್ಲಿಂಗದಂತೆ ಕಾಣುತ್ತದೆ, ಆದರೂ ಫೈಕಸ್ ರಿಲಿಜಿಯೋಸಾ. ಅತ್ತಿ ಫೈಕಸ್ ರೆಸಿಮೋಸಾ. ಹುಣಸೆ ಟ್ಯಾಮರಿಂಡಸ್ ಇಂಡಿಕಾ. ಹಿಪ್ಪುನೇರಳೆ ಮೋರಸ್ ಆಲ್ಬಾ. ಲ್ಯಾಟಿನ್ನಿನಲ್ಲಿ ಮರಗಳ ಹೆಸರು ರೂಪ ಏನೇ ಇದ್ದರೂ ಸಾಮಾನ್ಯವಾಗಿ ಸ್ತ್ರೀಲಿಂಗ, ಗಿಡಗಳಿಗೆ ಹೆಸರಿಡುವ ಅಂತರರಾಷ್ಟ್ರೀಯ ನಿಯಮಗಳ ಪುಸ್ತಕವಾದ ಸಸ್ಯನಾಮದ ಸಂಹಿತೆಯೂ ಈ ರೂಢಿಯನ್ನು ಒಪ್ಪಿದೆ. ಹಾಗಾದರೆ ಹಲಸು ಆರ್ಟೊಕಾರ್ಪಸ್ ಹೆಟೆರೊಫಿಲ್ಲಸ್ ಏಕೆ? ರಕ್ತಚಂದನ ಪ್ಟೆರೊಕಾರ್ಪಸ್ ಸ್ಯಾಂಟಲೈನಸ್ ಏಕೆ? ‘ಕಾರ್ಪಸ್’ನಲ್ಲಿ ಮುಗಿಯುವ ಸಮಾಸಗಳನ್ನು ಪುಲ್ಲಿಂಗವೆಂದೇ ಹಿಡಿಯಬೇಕು ಎಂದು ಅದೇ ಸಂಹಿತೆ ಹೇಳಿದೆ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುವುದರಿಂದ ಇದು ನಮಗೆ ಅಸಹಜ ಅನ್ನಿಸಬಹುದು. ಸಂಸ್ಕೃತದಲ್ಲಿ ಹೆಂಡತಿ ಎಂಬರ್ಥದ ‘ದಾರಾ’ ಪುಲ್ಲಿಂಗ, ‘ಕಲತ್ರ’ ನಪುಂಸಕ ಎಂದು ಓದಿದವರಿಗೆ ಅಷ್ಟು ಅಸಹಜ ಅನ್ನಿಸದು.

ಲಿಂಗ ತಿಳಿದಿದ್ದರೆ ಹೆಸರು ಬದಲಾದಾಗ ಗಾಬರಿಯಾಗುವುದಿಲ್ಲ. ಕಾಂಪೌಂಡಿನ ಪಕ್ಕ ಸಾಲಾಗಿ ನೆಡುವ ಕಂಬದಂಥ ಮರವನ್ನು ಬೆಂಗಳೂರಿನಲ್ಲಿ ಅಶೋಕ ಎನ್ನುತ್ತಾರೆ. ನಿಜವಾದ ಅಶೋಕ ಸರಾಕಾ ಅಸೋಕಾ, ಬೇರೆಯೇ ಕುಟುಂಬ. ಈ ಕಂಬದ ಮರ ಬಹುಕಾಲ ಪಾಲಿಯಾಲ್ಥಿಯಾ ಲಾಂಜಿಫೋಲಿಯಾ ಆಗಿತ್ತು. 2012ರಲ್ಲಿ ಮೊನೂನ್ ಕುಲಕ್ಕೆ ಸೇರಿತು. ಮೊನೂನ್ ಎಂದರೆ ಒಂದು ಮೊಟ್ಟೆ, ಇಲ್ಲಿ ಒಂದೇ ಅಂಡಕ ಇರುವುದನ್ನು ಸೂಚಿಸುತ್ತದೆ, ಪದ ನಪುಂಸಕ. ಆದ್ದರಿಂದ ‘ಉದ್ದೆಲೆಯ’ ಎಂಬ ವಿಶೇಷಣ ಲಾಂಜಿಫೋಲಿಯಮ್ ಆಯಿತು. ಹೆಸರುಹಲಗೆ ಬರೆಸುವವರು ಇಲ್ಲಿ ಕುಲನಾಮವನ್ನಷ್ಟೇ ಅಳಿಸಿ ಮೊನೂನ್ ಲಾಂಜಿಫೋಲಿಯಾ ಎಂದು ಬಿಡುವ ತಪ್ಪು ಮಾಡುವ ಸಾಧ್ಯತೆ ಹೆಚ್ಚು. ಕೋಗಿಲೆಯ ಯುಡೈನಮಿಸ್ ಕೂಡ ಹೀಗೆ. ಹಳೆಯ ಪಕ್ಷಿ ಪುಸ್ತಕಗಳಲ್ಲಿ ಸ್ಕೋಲೊಪೇಸಿಯಾ ಎಂದಿದ್ದದ್ದು ಈಗ ಸ್ಕೋಲೊಪೇಸಿಯಸ್. ಹಕ್ಕಿ ಅದೇ, ಕುಲನಾಮ ಪುಲ್ಲಿಂಗವೆಂದು ತಿದ್ದಿಕೊಂಡರು.

ಬಾಲದ ತುಂಡು ತಿದ್ದಬಹುದು, ಅರ್ಥದ ತಪ್ಪನ್ನು ತಿದ್ದುವಂತಿಲ್ಲ. ಬಾಲದ ಬುಡದಲ್ಲಿ ಕೆಂಪು ಮಚ್ಚೆಯಿರುವ ಪಿಕಳಾರ ನಮ್ಮ ತೋಟಗಳ ಹಕ್ಕಿ. ಅದರ ಹೆಸರು ಪಿಕ್ನೊನೋಟಸ್ ಕಾಫರ್; ಇಲ್ಲಿ ಕಾಫರ್ ಎಂದರೆ ದಕ್ಷಿಣ ಆಫ್ರಿಕಾದ್ದು. 1766ರಲ್ಲಿ ಲಿನ್ನೇಯಸ್ ಈ ಹೆಸರಿಟ್ಟಾಗ ಹಕ್ಕಿ ದಕ್ಷಿಣ ಆಫ್ರಿಕಾದ್ದು ಎಂಬ ತಪ್ಪು ಮಾಹಿತಿ ಕೈಯಲ್ಲಿತ್ತು. ಆಫ್ರಿಕಾದಲ್ಲಿ ಇದು ಸಹಜವಾಗಿ ಇಲ್ಲ, ಹೆಸರು ಮಾತ್ರ ಇಂದಿಗೂ ಅದೇ. ಅರ್ಥ ಹೊಂದುವುದಿಲ್ಲ ಎಂಬ ಕಾರಣಕ್ಕೆ ಹೆಸರು ಬದಲಿಸುತ್ತ ಹೋದರೆ ನೂರು ವರ್ಷದ ಬರಹಗಳನ್ನು ಒಂದಕ್ಕೊಂದು ಹೊಂದಿಸಲಾಗದು, ಆ ದೃಷ್ಟಿಯಿಂದ ನಿಯಮ ಸರಿ. ಆದರೂ ಕಾಫರ್ ಎಂಬ ಪದ ದಕ್ಷಿಣ ಆಫ್ರಿಕಾದಲ್ಲಿ ಕಪ್ಪು ಜನರನ್ನು ಹೀಯಾಳಿಸಲು ಬಳಕೆಯಾದದ್ದು. 2024ರ ಜುಲೈಯಲ್ಲಿ ಮ್ಯಾಡ್ರಿಡ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಸಸ್ಯವಿಜ್ಞಾನ ಸಮ್ಮೇಳನದಲ್ಲಿ ಗಿಡ, ಶಿಲೀಂಧ್ರ, ಪಾಚಿಗಳ ಇನ್ನೂರಕ್ಕೂ ಹೆಚ್ಚು ಹೆಸರುಗಳಲ್ಲಿ ‘ಕಾಫ್ರಾ’ವನ್ನು ‘ಆಫ್ರಾ’ ಮಾಡಲು ಮತ ಹಾಕಿದರು. ಅದು ಒಳ್ಳೆಯ ತೀರ್ಮಾನ. ಪ್ರಾಣಿಗಳ ಸಂಹಿತೆ ಪ್ರತ್ಯೇಕವಾದ್ದರಿಂದ ಪಿಕಳಾರದ ಹೆಸರನ್ನು ಅದು ಮುಟ್ಟಲಿಲ್ಲ.

ಎರಡು ಸಂಹಿತೆಗಳ ವ್ಯತ್ಯಾಸ ಬೇರೆ ಕಡೆಯೂ ಕಾಣುತ್ತದೆ. ನಾಜಾ ನಾಜಾ, ಆಕ್ಸಿಸ್ ಆಕ್ಸಿಸ್ ಎಂಬಂಥ ಜೋಡಿ ಪ್ರಾಣಿಗಳಿಗೆ ಸಲ್ಲುತ್ತದೆ, ಗಿಡಗಳಿಗೆ ನಿಷಿದ್ಧ. ನಾಗರಹಾವಿನ ನಾಜಾ ನಮ್ಮ ನಾಗವೇ.

ಎಲ್ಲ ಹೆಸರೂ ಗ್ರೀಕ್ ಅಥವಾ ಲ್ಯಾಟಿನ್ ಆಗಬೇಕಿಲ್ಲ, ವೇಷ ಲ್ಯಾಟಿನ್ ಆದರೆ ಸಾಕು. ಬೇವಿನ ಅಜಾಡಿರಾಕ್ಟಾ ಪರ್ಷಿಯನ್ನಿನ ‘ಆಜಾದ್ ದರಖ್ತ್’. ಹುಣಸೆಯ ಟ್ಯಾಮರಿಂಡಸ್ ಅರಬ್ಬಿಯ ‘ತಮರ್ ಹಿಂದಿ’, ಭಾರತದ ಖರ್ಜೂರ. ಮುಂದೆ ಇಂಡಿಕಾ ಬೇರೆ ಇರುವುದರಿಂದ ಕೊಂಡುಕುರಿಯಂತೆ ಇಲ್ಲೂ ಮಾತು ಎರಡು ಸಲ ಬಂದಿದೆ. ಜಕರಾಂಡಾ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಪದ. ರಾಗಿ ಎಲೂಸಿನ್ ಕೊರಕಾನಾ. ಎಲೂಸಿಸ್ ಎಂಬುದು ಗ್ರೀಕರ ಧಾನ್ಯದೇವತೆ ಡಿಮೀಟರ್‌ಳ ಊರು, ಕೊರಕಾನಾ ಸಿಂಹಳದ ‘ಕುರಕ್ಕನ್’. ಇಂಥ ಪದಗಳಲ್ಲಿ ಗ್ರೀಕ್ ತುಂಡು ಹುಡುಕಲು ಹೊರಟರೆ ಸುಳ್ಳು ವ್ಯುತ್ಪತ್ತಿ ಹುಟ್ಟುತ್ತದೆ. ಬೆಸುಗೆಯ ಸ್ವರ ಸಿಗದಿದ್ದರೆ, ಪ್ರಕೃತಿ ಹೊಂದದಿದ್ದರೆ ಅಲ್ಲಿಗೆ ನಿಲ್ಲಿಸಿ, ಮೂಲ ವರ್ಣನೆಯನ್ನು ಓದಿ. ಅದರಲ್ಲಿ ಹೆಸರಿನ ಕಾರಣ ಬರೆದಿರುವ ಭಾಗ ಹಲವು ಸಲ ಇರುತ್ತದೆ, ಈಗಿನ ಲೇಖನಗಳಲ್ಲಂತೂ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಬರೆಯುವ ಕ್ರಮ ಚಿಕ್ಕದು. ರೋಮನ್ ಲಿಪಿಯಲ್ಲಿ ಕುಲನಾಮದ ಮೊದಲ ಅಕ್ಷರ ದೊಡ್ಡದು, ಪ್ರಭೇದನಾಮ ಪೂರ್ತಿ ಚಿಕ್ಕಕ್ಷರ, ಎರಡೂ ಓರೆ. ಕೈಬರಹವಾದರೆ ಅಡಿಗೆರೆ. ಕುಲನಾಮವನ್ನು ಒಂದೇ ಅಕ್ಷರಕ್ಕೆ ಇಳಿಸುವುದು ಪೂರ್ಣ ರೂಪ ಒಮ್ಮೆ ಬಂದ ಮೇಲೆ ಮಾತ್ರ. ಅದರಲ್ಲೂ ಜಾಗ್ರತೆ ಬೇಕು: ಮಾವು, ಸಂಪಿಗೆ, ಆಕಾಶಮಲ್ಲಿಗೆ, ಕಂಬದ ಅಶೋಕ ಒಂದೇ ಉದ್ಯಾನದಲ್ಲಿ ಸಿಗುವ ಮರಗಳು, ನಾಲ್ಕರ ಕುಲನಾಮವೂ ರೋಮನ್ನಿನ ‘ಎಂ’ ಅಕ್ಷರದಿಂದಲೇ ಶುರು.

ವ್ಯಕ್ತಿಗಳ ಹೆಸರು ಸೇರಿಸುವಾಗ ಷಷ್ಠೀ ವಿಭಕ್ತಿ ಬರುತ್ತದೆ. ಗಂಡಸಾದರೆ ‘ಇ’ (i): ಪಕ್ಷಿವಿಜ್ಞಾನಿ ಸಲೀಂ ಅಲಿಯವರ ಹೆಸರಿನ ಬಾವಲಿ ಲ್ಯಾಟಿಡೆನ್ಸ್ ಸಲೀಮಲಿಐ, ಕುಲನಾಮಕ್ಕೆ ಅಗಲ ಹಲ್ಲಿನದು ಎಂದರ್ಥ, ಡೆನ್ಸ್ ನಮ್ಮ ದಂತ. ಹೆಂಗಸಾದರೆ ‘ಎ’ ಮತ್ತು ‘ಇ’ (a, e) ಅಕ್ಷರಗಳ ಜೋಡಿ: ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರ ಗೌರವಕ್ಕೆ 2019ರಲ್ಲಿ ಹೆಸರಿಸಿದ ಹಲ್ಲಿ ಡ್ರಾವಿಡೊಗೆಕೊ ಜಾನಕಿಯೆ. ಕುಲನಾಮದೊಳಗೇ ವ್ಯಕ್ತಿ ಕೂತಿರುವುದೂ ಉಂಟು. ಪಶ್ಚಿಮ ಘಟ್ಟದ ಪೊದೆಗಪ್ಪೆಗಳ ಕುಲ ರಾವೋರ್ಕೆಸ್ಟಿಸ್. ಮೊದಲ ತುಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ, ಕಪ್ಪೆಗಳ ಅಧ್ಯಯನಕ್ಕೆ ಹೆಸರಾದ ಸಿ. ಆರ್. ನಾರಾಯಣ ರಾವ್; ಎರಡನೆಯದು ಗ್ರೀಕಿನ ಓರ್ಕೆಸ್ಟಿಸ್, ಕುಣಿಯುವವನು.

ಕನ್ನಡವೂ ಈ ಪಟ್ಟಿಯೊಳಗೆ ಬಂದಿದೆ. ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುವ ಕಪ್ಪೆಗೆ 2014ರಲ್ಲಿ ನಿಕ್ಟಿಬಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ನಿಕ್ಟ್ ರಾತ್ರಿ, ಬಟ್ರಾಖೊಸ್ ಕಪ್ಪೆ. ಎರಡೂ ಗ್ರೀಕ್ ಆಗಿದ್ದರೂ ಬೆಸುಗೆಗೆ ‘ಇ’ ಬಂದಿದೆ, ರಾತ್ರಿಯ ಪದಕ್ಕೆ ಈ ಅಪವಾದ ಉಂಟು. ಪಶ್ಚಿಮ ಘಟ್ಟದ ಕಾಳಿಂಗ ಸರ್ಪವನ್ನು 2024ರಲ್ಲಿ ಬೇರೆ ಪ್ರಭೇದವೆಂದು ಗುರುತಿಸಿ ಒಫಿಯೊಫಾಗಸ್ ಕಾಳಿಂಗ ಎಂದರು. ರೋಮನ್ ಲಿಪಿಯಲ್ಲಿ ‘ಳ’ ಇಲ್ಲ, ಅಕ್ಷರದ ಮೇಲೆ ಗೆರೆ, ಚುಕ್ಕೆ ಹಾಕಿ ದೀರ್ಘ ತೋರಿಸಲು ಸಂಹಿತೆ ಬಿಡುವುದಿಲ್ಲ. ಆದ್ದರಿಂದ ‘ಎ’ (a) ಅಕ್ಷರವನ್ನು ಎರಡು ಸಲ ಬರೆದು ದೀರ್ಘ ಉಳಿಸಿಕೊಂಡರು, ‘ಳ’ ‘ಲ’ ಆಯಿತು.

ಕೊನೆಯದಾಗಿ ನಮ್ಮ ಊರಿನದೇ ಒಂದು ಹೆಸರನ್ನು ಪೂರ್ತಿ ಬಿಡಿಸೋಣ. ಬೆಂಗಳೂರಿನ ಹೊರವಲಯದಲ್ಲಿ ಸಿಕ್ಕ, ಮಣ್ಣು ಬಗೆದು ಅಡಗುವ ಕಪ್ಪೆಯನ್ನು 2020ರಲ್ಲಿ ಸ್ಫೀರೊಥೀಕಾ ಬೆಂಗಳೂರು ಎಂದು ವರ್ಣಿಸಿದರು. ಮೊದಲ ಪದದ ನಡುವೆ ‘ಒ’ ಇದೆ, ಆದ್ದರಿಂದ ಗ್ರೀಕ್. ಬಲತುದಿಯಲ್ಲಿ ಥೀಕೆ, ಅಂದರೆ ಪೆಟ್ಟಿಗೆ, ಡಬ್ಬಿ. ಎಡಕ್ಕೆ ಸ್ಫೈರಾ, ಗೋಳ. ‘ಐ’ ಇದ್ದದ್ದು ಲ್ಯಾಟಿನ್ ವೇಷದಲ್ಲಿ ಬದಲಾಗಿದೆ. ‘ಆ’ದಲ್ಲಿ ಮುಗಿಯುವುದರಿಂದ ಕುಲನಾಮ ಸ್ತ್ರೀಲಿಂಗ. ಎರಡನೆಯ ಪದ ವಿಶೇಷಣವಾಗಿದ್ದರೆ ‘ಎನ್ಸಿಸ್’ ಎಂಬ ಬಾಲ ಬಂದು ಬೆಂಗಳೂರುಎನ್ಸಿಸ್ ಆಗಬೇಕಿತ್ತು. ಇಲ್ಲಿ ಊರಿನ ಹೆಸರನ್ನು ನಾಮಪದವಾಗಿಯೇ ಪಕ್ಕಕ್ಕೆ ಇಟ್ಟಿದ್ದಾರೆ. ನಾಮಪದಕ್ಕೆ ಲಿಂಗದ ಹೊಂದಾಣಿಕೆ ಬೇಕಿಲ್ಲ. ನಾಳೆ ಈ ಕಪ್ಪೆಯನ್ನು ಪುಲ್ಲಿಂಗದ ಕುಲಕ್ಕೆ ಸೇರಿಸಲಿ, ನಪುಂಸಕದ ಕುಲಕ್ಕೆ ಸೇರಿಸಲಿ, ‘ಬೆಂಗಳೂರು’ ಒಂದಕ್ಷರವೂ ಬದಲಾಗದೆ ಹಾಗೇ ಉಳಿಯುತ್ತದೆ.